ಮರುಭೂಮಿಯ ಪರ್ವತಗಳಲ್ಲಿ ಗುಹೆ ಮತ್ತು ಖನಿಜಗಳ ಅನ್ವೇಷಣೆ

ಮಳೆ ವಿರಳವಾಗಿ, ಮಣ್ಣು ತೆಳುವಾಗಿ, ಸಸ್ಯಗಳ ಹೊದಿಕೆ ಇಲ್ಲವೆನ್ನುವಷ್ಟು ಕ್ಷೀಣವಾಗಿರುವ ಪರ್ವತಪ್ರದೇಶಗಳಲ್ಲಿ ನೆಲದೊಳಗಣ ಗುಹೆಗಳನ್ನೂ ಲೋಹದ ಅದಿರುಗಳನ್ನೂ ಇತರ ಖನಿಜಗಳನ್ನೂ ಪತ್ತೆಹಚ್ಚುವ ಕಾರ್ಯವು ಮಾನವನ ಅತ್ಯಂತ ಪ್ರಾಚೀನ ಉದ್ಯೋಗಗಳಲ್ಲೊಂದು. ಮಲೆನಾಡಿನಂತಹ ಸೀಮೆಯಲ್ಲಿ ಮೂಲಬಂಡೆಯನ್ನು ಕಾಣಬೇಕಾದರೆ ಹಳ್ಳದ ದಂಡೆಯನ್ನೋ ರಸ್ತೆಗಾಗಿ ಕಡಿದ ದರೆಯನ್ನೋ ಹುಡುಕಿಕೊಂಡು ಹೋಗಬೇಕು. ಮರುಭೂಮಿಯಲ್ಲಿಯಾದರೋ ಪದರಗಳು, ಮಡಿಕೆಗಳು, ಬಿರುಕುಗಳು, ಬಣ್ಣಗಳು ಎಲ್ಲವೂ ಹರದಾರಿಗಳ ದೂರದಿಂದಲೇ ಕಣ್ಣಿಗೆ ಬೀಳುತ್ತವೆ. ಈ ಅನುಕೂಲಕ್ಕೆ ಪ್ರತಿಯಾಗಿ ಅನ್ವೇಷಕನು ತೆರಬೇಕಾದ ಬೆಲೆಯೂ ಅಲ್ಪವಲ್ಲ. ಕುಡಿಯುವ ನೀರು ಎಷ್ಟು ದಿನಕ್ಕೆ ಸಾಲುವುದೋ ಅಷ್ಟೇ ದಿನ ಅವನ ಸಂಶೋಧನೆ. ಗುಹೆಯನ್ನು ಅರಸುವವನೂ ಅದಿರನ್ನು ಅರಸುವವನೂ ಭಿನ್ನ ಅಭಿರುಚಿಯ ಜನರೆಂದು ತೋರಿದರೂ, ಇಬ್ಬರೂ ಹುಡುಕುವುದು ಒಂದೇ ಕರ್ತೃವಿನ ಹೆಜ್ಜೆಗುರುತುಗಳನ್ನು. ಆ ಕರ್ತೃವೇ ನೀರು. ಸುಣ್ಣಕಲ್ಲನ್ನು ಕರಗಿಸಿ ಗುಹೆಯನ್ನು ಕೊರೆದುದೂ, ಭೂಗರ್ಭದ ಶಾಖದಲ್ಲಿ ಲೋಹಗಳನ್ನು ಹೊತ್ತು ತಂದು ಬಂಡೆಯ ಬಿರುಕುಗಳಲ್ಲಿ ಇಳಿಸಿದುದೂ, ಮುಂದೆ ಅವೇ ಲೋಹಗಳನ್ನು ಮೇಲಿನಿಂದ ತೊಳೆದು ಕೆಳಗಡೆ ಸಾಂದ್ರಗೊಳಿಸಿದುದೂ ಬಹುಮಟ್ಟಿಗೆ ನೀರೇ. ಇಂದು ನೀರಿಲ್ಲದ ನಾಡಿನಲ್ಲಿ ಅಂದಿನ ನೀರು ಮಾಡಿಹೋದ ಕೆಲಸವನ್ನು ಓದುವುದೇ ಈ ವಿದ್ಯೆಯ ಸಾರವೆನ್ನಬಹುದು.

ವಿದ್ಯೆಯ ಪ್ರಾಚೀನತೆಗೆ ಈಜಿಪ್ಟಿನಲ್ಲಿ ಅಪೂರ್ವವಾದ ಸಾಕ್ಷ್ಯವಿದೆ. ನೈಲ್ ನದಿಗೂ ಕೆಂಪು ಸಮುದ್ರಕ್ಕೂ ನಡುವಣ ಪೂರ್ವ ಮರುಭೂಮಿಯಲ್ಲಿ ವಾದಿ ಹಮ್ಮಾಮಾತ್ ಎಂಬ ಒಣಕಣಿವೆಯುಂಟು. ನಾಲ್ಕನೆಯ ರಾಮೆಸೆಸ್ ದೊರೆಯ ಆಳ್ವಿಕೆಯಲ್ಲಿ, ಕ್ರಿ.ಪೂ. ಸುಮಾರು 1150ರಲ್ಲಿ, ಶಿಲ್ಪಯೋಗ್ಯವಾದ ಕಲ್ಲನ್ನು ತರುವ ಸಲುವಾಗಿ ಎಂಟು ಸಾವಿರಕ್ಕೂ ಮಿಕ್ಕ ಜನರ ತಂಡವನ್ನು ಅಲ್ಲಿಗೆ ಕಳುಹಿಸಲಾಯಿತು. ಆ ಕಾಲದಲ್ಲಿ ಪಪೈರಸ್ಸಿನ ಮೇಲೆ ಬರೆದ ನಕ್ಷೆಯೊಂದು ಈಗ ಇಟಲಿಯ ಟ್ಯೂರಿನ್ ನಗರದ ವಸ್ತುಸಂಗ್ರಹಾಲಯದಲ್ಲಿದ್ದು, ಅಮೆನ್ನಖ್ತೆ ಎಂಬ ಲಿಪಿಕಾರನ ಕೈಬರಹವೆಂದು ವಿದ್ವಾಂಸರು ಅದನ್ನು ಗುರುತಿಸಿದ್ದಾರೆ. ಕಣಿವೆಯ ದಾರಿ, ಬಾವಿ, ಗುಡಿ, ಕೆಲಸಗಾರರ ಮನೆಗಳು ಇವುಗಳೊಡನೆ ಬೆಟ್ಟಗಳನ್ನು ಕಪ್ಪು ಮತ್ತು ನಸುಗೆಂಪು ಬಣ್ಣಗಳಲ್ಲಿ ಬೇರೆ ಬೇರೆಯಾಗಿ ತೋರಿಸಿ, ಚಿನ್ನ ದೊರೆಯುವ ಬೆಟ್ಟಗಳನ್ನು ಬರಹದಿಂದಲೂ ಗುರುತಿಸಿರುವ ಈ ನಕ್ಷೆಯಲ್ಲಿ ಬಣ್ಣವು ಅಲಂಕಾರಕ್ಕಾಗಿ ಬಂದುದಲ್ಲ; ಆ ಕಣಿವೆಯ ಬಂಡೆಗಳ ನಿಜವಾದ ವರ್ಣಭೇದಕ್ಕೆ ಅದು ಹೊಂದುತ್ತದೆ. ಉಪಲಬ್ಧವಾಗಿರುವ ಭೂವೈಜ್ಞಾನಿಕ ನಕ್ಷೆಗಳಲ್ಲೆಲ್ಲ ಇದೇ ಅತ್ಯಂತ ಹಳೆಯದೆಂದು ಹೇಳುವುದು ಈ ಕಾರಣದಿಂದ. ಬಣ್ಣವನ್ನು ನೋಡಿ ಬಂಡೆಯನ್ನೂ ಬಂಡೆಯನ್ನು ನೋಡಿ ಬೆಣಚುಕಲ್ಲಿನ ಎಳೆಯನ್ನೂ ಊಹಿಸುವ ಕ್ರಮವು ಮೂರು ಸಾವಿರ ವರ್ಷಗಳ ಹಿಂದೆಯೇ ರೂಢಿಯಲ್ಲಿದ್ದಿತು.

ಅರಬ್ಬೀ ಪರ್ಯಾಯದ್ವೀಪದ ಆಗ್ನೇಯ ಮೂಲೆಯ ಓಮಾನಿನಲ್ಲಿ ಹಳಬರು ಬಿಟ್ಟುಹೋದ ಕುರುಹು ಬೇರೊಂದು ಬಗೆಯದು. ಮೆಸೊಪೊಟೇಮಿಯದ ಮಣ್ಣಿನ ಫಲಕಗಳಲ್ಲಿ ತಾಮ್ರದ ನಾಡೆಂದು ಉಕ್ತವಾಗಿರುವ ಮಗಾನ್ ಈ ಪ್ರದೇಶವೇ ಎಂದು ಬಹುತೇಕ ವಿದ್ವಾಂಸರು ಒಪ್ಪುತ್ತಾರೆ. ಸಿಂಧೂ ಕಣಿವೆಯ ವರ್ತಕರಿಗೂ ಇದರ ಪರಿಚಯವಿದ್ದಿತೆಂಬುದಕ್ಕೆ ಅಲ್ಲಿ ದೊರೆತ ಮಡಕೆ, ಮುದ್ರೆಗಳು ಸಾಕ್ಷಿಯಾಗಿವೆ. ಸಾಗರತಳದ ಶಿಲೆಯೇ ಭೂಚಲನೆಯಿಂದ ಮೇಲೆದ್ದು ನೆಲಕ್ಕೆ ಏರಿ ಕುಳಿತಿರುವ ಇಲ್ಲಿನ ಬೆಟ್ಟಗಳಲ್ಲಿ ತಾಮ್ರವನ್ನು ಕರಗಿಸಿದ ಪ್ರಾಚೀನರು ಕಿಟ್ಟವನ್ನು ಗುಡ್ಡೆಗುಡ್ಡೆಯಾಗಿ ರಾಶಿ ಹಾಕಿ ಹೋಗಿದ್ದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೋಹಾರ್ ಪಟ್ಟಣದ ಹಿಂಬದಿಯ ಬೆಟ್ಟಗಳಲ್ಲಿ ಅದಿರನ್ನು ಅರಸುತ್ತ ಬಂದ ಭೂವಿಜ್ಞಾನಿಗಳಿಗೆ ಈ ಕಪ್ಪು ರಾಶಿಗಳೇ ಮಾರ್ಗದರ್ಶಿಗಳಾದುವು. ಹಿಂದಿನವರು ಅಗೆದ ಕಡೆಯಲ್ಲಿಯೇ ಮತ್ತೆ ಅಗೆಯುವುದು ಬುದ್ಧಿಯ ಸೋಮಾರಿತನವೆಂದು ಯಾರಾದರೂ ಭಾವಿಸಿದರೆ ಅವರು ಗಣಿಗಾರಿಕೆಯ ಚರಿತ್ರೆಯನ್ನು ಅರಿಯದವರು; ಹೊಸ ಗಣಿಗಳಲ್ಲಿ ಗಣನೀಯ ಭಾಗ ಹಳೆಯ ಗಣಿಗಳ ಪುನರ್ಜನ್ಮವೇ ಆಗಿದೆ.

ಗುಹೆಯೂ ಅದಿರೂ ಎಷ್ಟು ನಿಕಟವಾದ ಬಂಧುಗಳೆಂಬುದನ್ನು ಅರಿಯಲು ಅಮೆರಿಕ ಸಂಯುಕ್ತ ಸಂಸ್ಥಾನದ ನೈರುತ್ಯ ಭಾಗಕ್ಕೆ ಹೋಗಬೇಕು. ನೆವಾಡ, ಕ್ಯಾಲಿಫೋರ್ನಿಯ, ಅರಿಜೋನ ಸೀಮೆಗಳಲ್ಲಿ ಭೂಮಿಯ ಹೊರಪದರವು ಲಕ್ಷಾಂತರ ವರ್ಷಗಳಿಂದ ಪೂರ್ವಪಶ್ಚಿಮವಾಗಿ ಹಿಗ್ಗುತ್ತ ಬಂದು, ಬಿರಿದು, ಕೆಲವು ತುಂಡುಗಳು ಪರ್ವತಶ್ರೇಣಿಗಳಾಗಿ ಎದ್ದು, ನಡುವಣ ತುಂಡುಗಳು ಕುಸಿದು ಬೋಗುಣಿಗಳಾಗಿವೆ. ಎದ್ದುನಿಂತ ಶ್ರೇಣಿಗಳಲ್ಲಿ ಅನೇಕವು ಪುರಾತನ ಸಮುದ್ರತಳದ ಸುಣ್ಣಕಲ್ಲು ಹಾಗೂ ಡಾಲೊಮೈಟಿನಿಂದ ಆದವು. ಅವುಗಳೊಳಗೆ ಕರಗಿದ ಶಿಲಾರಸವು ನುಗ್ಗಿದ ಕಡೆಗಳಲ್ಲಿ ಬಿಸಿನೀರು ಸಂಚರಿಸಿ ತಾಮ್ರ, ಸೀಸ, ಸತು, ಬೆಳ್ಳಿಗಳ ಗಂಧಕಯುಕ್ತ ಅದಿರುಗಳನ್ನು ಇಳಿಸಿತು. ಬಳಿಕ ಮೇಲಿನಿಂದ ಜಿನುಗಿದ ಮಳೆಯ ನೀರು ಈ ಅದಿರನ್ನು ಮುಟ್ಟಿದಾಗ ಗಂಧಕಾಮ್ಲವು ಹುಟ್ಟಿ, ತಾಮ್ರವನ್ನು ಕರಗಿಸಿಕೊಂಡು ಕೆಳಗಿಳಿದು, ಅಂತರ್ಜಲದ ಮಟ್ಟದಲ್ಲಿ ಅದನ್ನು ಮತ್ತೆ ಸಾಂದ್ರವಾಗಿ ಶೇಖರಿಸಿತು. ಮೇಲ್ಗಡೆ ಉಳಿದದ್ದು ಕಬ್ಬಿಣದ ತುಕ್ಕಿನಿಂದ ಕೂಡಿದ ಕೆಂಗಂದು ಬಣ್ಣದ, ಜೇನುಹುಟ್ಟಿನಂತೆ ರಂಧ್ರಮಯವಾದ ಟೊಪ್ಪಿಗೆಯಷ್ಟೇ. ಈ ಟೊಪ್ಪಿಗೆಯನ್ನು ಕಂಡೊಡನೆ ಅನುಭವಿಯಾದ ಅನ್ವೇಷಕನ ನಡಿಗೆ ನಿಧಾನವಾಗುತ್ತದೆ.

ಅರಿಜೋನದ ಬಿಸ್ಬಿ ಎಂಬ ಊರಿನ ಸಮೀಪದಲ್ಲಿ 1877ರಲ್ಲಿ ಅದಿರು ಪತ್ತೆಯಾಗಿ, ಮುಂದೆ ಕಾಪರ್ ಕ್ವೀನ್ ಎಂಬ ಪ್ರಸಿದ್ಧವಾದ ತಾಮ್ರದ ಗಣಿಯು ಅಲ್ಲಿ ಬೆಳೆಯಿತು. ಸುರಂಗಗಳನ್ನು ಕೊರೆಯುತ್ತಿದ್ದ ಕೆಲಸಗಾರರಿಗೆ ಸುಣ್ಣಕಲ್ಲಿನೊಳಗೆ ಆಗಾಗ್ಗೆ ಗುಹೆಗಳು ಎದುರಾಗುತ್ತಿದ್ದುವು. ಬಿಳಿಯ ಕ್ಯಾಲ್ಸೈಟಿನ ತೂಗುಗಲ್ಲುಗಳು ಕೆಲವೆಡೆ ತಾಮ್ರದ ಅಂಶದಿಂದ ಹಸುರಾಗಿ, ನೀಲಿಯಾಗಿ ಕಾಣುತ್ತಿದ್ದುವು. ಕ್ರಮೇಣ ಅವರಿಗೆ ಒಂದು ಸಂಗತಿ ಹೊಳೆಯಿತು: ಇಂತಹ ಗುಹೆಯ ನೆಲದ ಕೆಳಗೆ ಅಗೆದರೆ ಅದಿರು ಸಿಕ್ಕುವ ಸಂಭವ ಹೆಚ್ಚು. ಗಂಧಕಯುಕ್ತ ಅದಿರು ಶಿಥಿಲವಾಗುವಾಗ ಅದರ ಗಾತ್ರವು ಕುಗ್ಗಿ ಮೇಲಣ ಬಂಡೆಯು ಆಧಾರ ತಪ್ಪಿ ಕುಸಿಯುವುದರಿಂದಲೂ, ಆಗ ಹುಟ್ಟಿದ ಆಮ್ಲವು ಸುತ್ತಣ ಸುಣ್ಣಕಲ್ಲನ್ನು ತಿನ್ನುವುದರಿಂದಲೂ ಆ ಪೊಳ್ಳು ಉಂಟಾಗಿದ್ದಿತು. ಅಲ್ಲಿ ಗುಹೆಯೆಂಬುದು ಅದಿರಿನ ಪರಿಣಾಮವೂ ಹೌದು, ವಿಳಾಸವೂ ಹೌದು. ಪುಸ್ತಕದಲ್ಲಿ ಸಿದ್ಧಾಂತವಾಗಿ ಬರೆಯುವುದಕ್ಕೆ ಮುನ್ನ ಗಣಿಯಾಳುಗಳ ಗುದ್ದಲಿಗೆ ಈ ತತ್ತ್ವವು ತಿಳಿದಿದ್ದಿತು.

ಹತ್ತೊಂಬತ್ತನೆಯ ಶತಮಾನದ ಒಂಟಿ ಅನ್ವೇಷಕನ ಕಾರ್ಯವಿಧಾನವು ಸರಳವಾಗಿದ್ದರೂ ಅದರಲ್ಲಿ ತರ್ಕಬದ್ಧವಾದ ಕ್ರಮವಿದ್ದಿತು. ಬೆಟ್ಟದ ಬುಡದ ಒಣಹಳ್ಳದಲ್ಲಿ ಅದಿರಿನ ಬಿಡಿಚೂರು ಸಿಕ್ಕಿತೆನ್ನೋಣ. ಅದರ ಅಂಚುಗಳು ಸವೆದು ದುಂಡಾಗಿದ್ದರೆ ಬಹುದೂರದಿಂದ ಉರುಳಿ ಬಂದುದೆಂದೂ, ಚೂಪಾಗಿದ್ದರೆ ತಾಯಿಬಂಡೆ ಹತ್ತಿರದಲ್ಲಿಯೇ ಇದೆಯೆಂದೂ ತಿಳಿದು, ಹಳ್ಳ ಕವಲೊಡೆಯುವ ಪ್ರತಿಯೊಂದು ಸ್ಥಳದಲ್ಲಿಯೂ ಎರಡೂ ಕವಲುಗಳನ್ನು ಪರೀಕ್ಷಿಸುತ್ತ ಅವನು ಮೇಲೇರುತ್ತಿದ್ದನು. ಚೂರುಗಳು ಎಲ್ಲಿ ನಿಂತುವೋ ಅಲ್ಲಿಂದ ಇಕ್ಕೆಲದ ಇಳಿಜಾರನ್ನು ನೋಡಬೇಕು. ಮರುಭೂಮಿಯ ಕಲ್ಲಿಗೆ ಕಾಲಾಂತರದಲ್ಲಿ ಕಪ್ಪುಮಿಶ್ರಿತ ಕಂದು ಮೆರುಗು ಹತ್ತಿ ಒಳಗಿನ ಬಣ್ಣವು ಮರೆಯಾಗುವುದರಿಂದ, ಸುತ್ತಿಗೆಯಿಂದ ಒಡೆದು ಹೊಸ ಮುಖವನ್ನು ನೋಡದೆ ಯಾವ ಕಲ್ಲನ್ನೂ ಬಿಸಾಡುವಂತಿಲ್ಲ. ನಮ್ಮ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಾಲಗಾರರು ಮರಳನ್ನು ನೀರಿನಲ್ಲಿ ಜಾಲಿಸಿ ಚಿನ್ನದ ಕಣವನ್ನು ಬೇರ್ಪಡಿಸುತ್ತಿದ್ದರು. ನೀರಿಲ್ಲದ ಮೊಹಾವಿ ಮರುಭೂಮಿಯಲ್ಲಿ ಅದೇ ಕೆಲಸಕ್ಕೆ ಗಾಳಿಯನ್ನೇ ಬಳಸಬೇಕಾಗಿ, ಕಣದಲ್ಲಿ ರಾಶಿ ತೂರುವಂತೆ ಒಣಮರಳನ್ನು ತಿದಿಯ ಗಾಳಿಗೆ ಒಡ್ಡಿ ಹಗುರವಾದುದನ್ನು ಹಾರಿಸಿ ಭಾರವಾದುದನ್ನು ಉಳಿಸಿಕೊಳ್ಳುವ ಪೆಟ್ಟಿಗೆಗಳು ಬಳಕೆಗೆ ಬಂದುವು. ಅದಿರಿನ ಎಳೆಯೊಂದು ದೊರೆತೊಡನೆ ಅಮೆರಿಕದ 1872ರ ಗಣಿ ಕಾಯಿದೆಯ ಮೇರೆಗೆ 1,500 ಅಡಿ ಉದ್ದ, 600 ಅಡಿ ಅಗಲದ ನೆಲಕ್ಕೆ ಹಕ್ಕು ಸಾಧಿಸಬಹುದಾಗಿದ್ದಿತು. ಕಲ್ಲುಗಳನ್ನು ಪೇರಿಸಿ ಗೋಪುರವನ್ನು ಮಾಡಿ, ಹಕ್ಕಿನ ಪತ್ರವನ್ನು ಹೊಗೆಸೊಪ್ಪಿನ ತಗಡಿನ ಡಬ್ಬಿಯಲ್ಲಿ ಮಡಿಚಿಟ್ಟು ಆ ಕಲ್ಲುಗಳ ನಡುವೆ ಸೇರಿಸುವುದು ವಾಡಿಕೆಯಾಗಿದ್ದಿತು.

ಕಣ್ಣಿನ ಪರೀಕ್ಷೆ ಸಾಲದೆ ಬಂದಾಗ ರಸಾಯನದ ನೆರವನ್ನು ಪಡೆದ ಪ್ರಸಂಗಗಳಲ್ಲಿ ಮೃತ್ಯುಕಣಿವೆಯೆಂದು ಹೆಸರಾದ ಡೆತ್ ವ್ಯಾಲಿಯ ಟಂಕಣದ ಶೋಧವು ಪ್ರಸಿದ್ಧವಾದುದು. ಸಮುದ್ರಮಟ್ಟಕ್ಕಿಂತ 86 ಮೀಟರು ಕೆಳಗಿರುವ ಈ ತಗ್ಗಿನ ನೆಲದ ಮೇಲೆ ಬಿಳಿಯ ಹೆಪ್ಪಿನಂತಹ ಲವಣವು ವಿಸ್ತಾರವಾಗಿ ಹರಡಿರುವುದನ್ನು ದಾರಿಹೋಕರೆಲ್ಲರೂ ಕಂಡಿದ್ದರು. ಅದರ ಬೆಲೆ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕಣಿವೆಯ ಪೂರ್ವಕ್ಕಿರುವ ಆಶ್ ಮೆಡೋಸ್ ಎಂಬ ತಾವಿನಲ್ಲಿ ಬಡತನದ ಜೀವನವನ್ನು ನಡೆಸುತ್ತಿದ್ದ ಆರನ್ ವಿಂಟರ್ಸ್ ಮತ್ತು ಅವನ ಹೆಂಡತಿ ರೋಸಿ ದಾರಿಹೋಕನೊಬ್ಬನ ಬಾಯಿಂದ ಟಂಕಣವನ್ನು ಗುರುತಿಸುವ ಬಗೆಯನ್ನು ಕೇಳಿ ತಿಳಿದು, 1881ರಲ್ಲಿ ಕಣಿವೆಗೆ ಹೋಗಿ ಆ ಲವಣವನ್ನು ಸಂಗ್ರಹಿಸಿದರು. ಕತ್ತಲಾದ ಮೇಲೆ ತಟ್ಟೆಯಲ್ಲಿ ಅದನ್ನು ಹಾಕಿ, ಗಂಧಕಾಮ್ಲವನ್ನೂ ಮದ್ಯಸಾರವನ್ನೂ ಸುರಿದು, ಬೆಂಕಿಕಡ್ಡಿಯನ್ನು ಗೀರಿ ಹಿಡಿದರು. ಸಾಮಾನ್ಯ ಲವಣವಾಗಿದ್ದರೆ ಜ್ವಾಲೆಯು ಹಳದಿಯಾಗಬೇಕು, ಟಂಕಣವಾಗಿದ್ದರೆ ಹಸುರು. ಜ್ವಾಲೆ ಹಸುರಾಗಿಯೇ ಉರಿಯಿತು. ವಿಲಿಯಂ ಟೆಲ್ ಕೋಲ್ಮನ್ ಎಂಬ ವರ್ತಕನು ಅವರ ಹಕ್ಕನ್ನು 20,000 ಡಾಲರುಗಳಿಗೆ ಕೊಂಡು ಕಾರ್ಖಾನೆಯನ್ನು ಹೂಡಿದನು; ಅಲ್ಲಿಂದ ರೈಲುದಾರಿಗೆ ಸುಮಾರು 265 ಕಿಲೋಮೀಟರು ದೂರವನ್ನು ಇಪ್ಪತ್ತು ಪಶುಗಳು ಎಳೆಯುವ ಬಂಡಿಗಳು 1883ರಿಂದ ಆರು ವರ್ಷಗಳ ಕಾಲ ಕ್ರಮಿಸಿದುವು. ಬಂಡಿಗಳ ಹಿಂದೆ ನೀರಿನ ಪೀಪಾಯಿಯ ಗಾಡಿಯೊಂದನ್ನು ಕಟ್ಟಲೇಬೇಕಾಗಿದ್ದಿತು. ಟಂಕಣವೂ ನೀರು ಬಿಟ್ಟುಹೋದ ವಸ್ತುವೇ. ಹಿಮಯುಗದಲ್ಲಿ ಆ ಕಣಿವೆಯನ್ನು ತುಂಬಿದ್ದ ಸರೋವರಗಳೂ ಇಂದಿಗೂ ತಳದಲ್ಲಿ ಜಿನುಗುವ ಬುಗ್ಗೆಗಳೂ ಆವಿಯಾಗಿ ಉಳಿಸಿದ ಶೇಷವದು.

ಇದಕ್ಕೆ ವಿರುದ್ಧವಾಗಿ, ಯಾವ ಪರೀಕ್ಷೆಗೂ ನಿಲ್ಲದ ಸುದ್ದಿಯೊಂದು ತಲೆಮಾರುಗಳನ್ನು ಹೇಗೆ ಹಿಡಿದಿಡಬಲ್ಲುದೆಂಬುದಕ್ಕೆ ಅದೇ ಮೊಹಾವಿಯ ಐವನ್‌ಪಾ ಪರ್ವತಗಳ ಕೋಕೊವೀಫ್ ಶಿಖರವು ನಿದರ್ಶನವಾಗಿದೆ. ಅರ್ಲ್ ಡಾರ್ ಎಂಬಾತನು 1934ರಲ್ಲಿ ಪ್ರಮಾಣಪತ್ರವೊಂದನ್ನು ಮಾಡಿಕೊಟ್ಟು, ಆ ಶಿಖರದ ಸುಣ್ಣಕಲ್ಲಿನ ಗುಹೆಗಳ ಮೂಲಕ ತಾನು ಆಳಕ್ಕೆ ಇಳಿದುದಾಗಿಯೂ, ಸಾವಿರಾರು ಅಡಿ ಆಳದ ಕಮರಿಯಲ್ಲಿ ನದಿಯೊಂದು ಹರಿಯುವುದನ್ನು ಕಂಡುದಾಗಿಯೂ, ಅದರ ದಡದ ಕರಿಮರಳಿನಲ್ಲಿ ಚಿನ್ನವು ಸಮೃದ್ಧವಾಗಿದ್ದುದಾಗಿಯೂ ಸಾರಿದನು. ಒಳಹೋಗುವ ದಾರಿಯನ್ನು ಸಿಡಿಮದ್ದಿನಿಂದ ತಾನೇ ಮುಚ್ಚಿದನೆಂಬ ಕಥೆಯೂ ಇದರೊಡನೆ ಸೇರಿಕೊಂಡಿತು. ಹೀಗಾಗಿ ನದಿ ಸಿಕ್ಕದಿರುವುದೇ ನದಿ ಇರುವುದಕ್ಕೆ ಪ್ರಮಾಣವೆಂದು ನಂಬುವವರಿಗೆ ಅನುಕೂಲವಾಯಿತು. ಶಿಖರದಲ್ಲಿ ಗುಹೆಗಳಿರುವುದು ನಿಜ. ಅವುಗಳ ಮಣ್ಣಿನಲ್ಲಿ ಹಿಮಯುಗದ ಪ್ರಾಣಿಗಳ ಅಸ್ಥಿಗಳು ದೊರೆತಿರುವುದೂ ನಿಜ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಬೆಟ್ಟದಿಂದ ಸತುವಿನ ಅದಿರನ್ನು ತೆಗೆದು ಸಾಗಿಸಲಾಯಿತು. ಚಿನ್ನದ ನದಿಯು ಮಾತ್ರ ಎಷ್ಟು ಸುರಂಗಗಳನ್ನು ಕೊರೆದರೂ ಯಾರಿಗೂ ಕಾಣಿಸಿಕೊಂಡಿಲ್ಲ.

ವಿಪರ್ಯಾಸವೆಂದರೆ ಆ ಸೀಮೆಯ ನಿಜವಾದ ನಿಧಿಯು ಕೋಕೊವೀಫಿನಿಂದ ಕೆಲವೇ ಮೈಲಿಗಳಾಚೆ, ಹೆದ್ದಾರಿಯ ಪಕ್ಕದಲ್ಲಿಯೇ ಇದ್ದಿತು. ಮೌಂಟನ್ ಪಾಸ್ ಎಂಬ ಆ ಸ್ಥಳದ ಸುತ್ತ ಚಿನ್ನವನ್ನೂ ಸೀಸವನ್ನೂ ಅರಸಿದವರು ಸಣ್ಣಪುಟ್ಟ ಗಣಿಗಳನ್ನು ತೆರೆದು ಮುಚ್ಚಿದ್ದರು. 1949ರಲ್ಲಿ ಯುರೇನಿಯಂ ಅರಸುತ್ತಿದ್ದವರು ವಿಕಿರಣವನ್ನು ಅಳೆಯುವ ಗೈಗರ್ ಯಂತ್ರವನ್ನು ಹಿಡಿದು ನಡೆದಾಗ ಅದು ಸದ್ದುಮಾಡಿತು. ಕಲ್ಲನ್ನು ಪ್ರಯೋಗಶಾಲೆಗೆ ಕಳುಹಿಸಿದಾಗ ಯುರೇನಿಯಮ್ಮಿಗೆ ಬದಲಾಗಿ ಬಾಸ್ಟ್‌ನೆಸೈಟ್ ಎಂಬ, ವಿರಳಮೃತ್ತಿಕಾ ಧಾತುಗಳಿಂದ ತುಂಬಿದ ಖನಿಜವು ದೊರೆಯಿತು. ಸುಮಾರು 140 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಮೇಲೆ ಬಂದ ಕಾರ್ಬೊನೇಟು ಶಿಲಾರಸವು ಗಟ್ಟಿಯಾಗಿ ಉಂಟಾದ ಈ ಬಂಡೆಯು ಹೊರನೋಟಕ್ಕೆ ತೀರ ಸಾಧಾರಣವಾಗಿರುವುದರಿಂದ ಚಿನ್ನದ ಹೊಳಪನ್ನೇ ಹುಡುಕುವ ಕಣ್ಣುಗಳಿಗೆ ಅದು ಬಿದ್ದಿರಲಿಲ್ಲ. 1960ರ ದಶಕದಲ್ಲಿ ಬಣ್ಣದ ಟೆಲಿವಿಷನ್ನಿನ ಪರದೆಗೆ ಕೆಂಪುಬಣ್ಣವನ್ನು ಕೊಡುವ ಯೂರೋಪಿಯಂ ಧಾತುವಿಗೆ ಬೇಡಿಕೆ ಬಂದಾಗ ಈ ಗಣಿಯು ಜಗದ್ವಿಖ್ಯಾತವಾಯಿತು. ಟಂಗ್‌ಸ್ಟನ್ನಿನ ಅದಿರಾದ ಶೀಲೈಟನ್ನು ಅರಸುವವರು ರಾತ್ರಿಯಲ್ಲಿ ನೇರಿಳಾತೀತ ದೀಪವನ್ನು ಹಿಡಿದು ಬೆಟ್ಟವೇರುವುದೂ ಇದೇ ಬಗೆಯ ಯುಕ್ತಿ. ಹಗಲಿನಲ್ಲಿ ಬೆಣಚುಕಲ್ಲೆಂದು ತೋರುವ ಖನಿಜವು ಆ ಬೆಳಕಿನಲ್ಲಿ ನೀಲಿಬಿಳುಪಾಗಿ ಬೆಳಗುತ್ತದೆ.

ಡಾರನ ನದಿಯನ್ನು ಪೂರ್ತಿಯಾಗಿ ಹಾಸ್ಯಮಾಡುವಂತಿಲ್ಲವೆಂಬುದಕ್ಕೂ ಒಂದು ಕಾರಣವಿದೆ. ವಿಂಟರ್ಸ್ ದಂಪತಿಗಳು ಇದ್ದ ಅದೇ ಆಶ್ ಮೆಡೋಸಿನ ಬೆಟ್ಟದ ಬದಿಯಲ್ಲಿ ಡೆವಿಲ್ಸ್ ಹೋಲ್ ಎಂಬ ಸುಣ್ಣಕಲ್ಲಿನ ಬಿರುಕಿದ್ದು, ಅದರೊಳಗೆ ಸುಮಾರು 33 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ತಿಳಿನೀರು ನಿಂತಿದೆ. ಮುಳುಗುಗಾರರು 130 ಮೀಟರಿಗೂ ಮಿಕ್ಕ ಆಳಕ್ಕೆ ಇಳಿದರೂ ತಳವನ್ನು ಮುಟ್ಟಿಲ್ಲ. ಲೋಕದಲ್ಲಿ ಬೇರೆಲ್ಲಿಯೂ ಸಹಜವಾಗಿ ವಾಸಿಸದ ಒಂದಂಗುಲದಷ್ಟೇ ಉದ್ದದ ಮೀನಿನ ಜಾತಿಯೊಂದು ಈ ಕುಂಡದಲ್ಲಿ ಬದುಕಿದೆ. ಸುತ್ತಣ ಜಮೀನುಗಳಿಗೆ ಅಂತರ್ಜಲವನ್ನು ಎತ್ತಿದಾಗ ಕುಂಡದ ಮಟ್ಟ ಇಳಿಯತೊಡಗಿ, ಮೊಕದ್ದಮೆಯು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 1976ರಲ್ಲಿ ತೀರ್ಪು ಮೀನಿನ ಪರವಾಗಿ ಬಂದಿತು. ಗೋಡೆಗಳ ಮೇಲೆ ಪದರಪದರವಾಗಿ ಕಟ್ಟಿದ ಕ್ಯಾಲ್ಸೈಟಿನಿಂದ ಐದು ಲಕ್ಷ ವರ್ಷಗಳ ಹವಾಮಾನದ ಏರಿಳಿತಗಳನ್ನು ವಿಜ್ಞಾನಿಗಳು ಓದಿದ್ದಾರೆ. ಹೀಗೆ ಮರುಭೂಮಿಯ ಸುಣ್ಣಕಲ್ಲಿನೊಳಗೆ ಅಪಾರ ಜಲರಾಶಿ ಇರುವುದು ಸತ್ಯ. ಅದು ಕಮರಿಯಲ್ಲಿ ಭೋರ್ಗರೆಯದೆ ಬಿರುಕಿನಿಂದ ಬಿರುಕಿಗೆ ಅತಿಮಂದವಾಗಿ ಸರಿಯುತ್ತದೆ. ಹಿಂದೆ ನೀರು ಇನ್ನೂ ಹೆಚ್ಚಾಗಿದ್ದಿತೆಂಬುದಕ್ಕೆ ಗುಹೆಗಳೇ ಮತ್ತೊಂದು ಸಾಕ್ಷ್ಯವನ್ನು ಕಾಪಾಡಿವೆ. ಪ್ಯಾಕ್‌ರ್ಯಾಟ್ ಎಂಬ ಇಲಿಯು ಸುತ್ತಲಿನ ಕಡ್ಡಿ, ಎಲೆ, ಬೀಜಗಳನ್ನು ತಂದು ಗೂಡಿನಲ್ಲಿ ಕೂಡಿಡುತ್ತದೆ. ಅದರ ಮೂತ್ರವು ಒಣಹವೆಯಲ್ಲಿ ಅರಗಿನಂತೆ ಗಟ್ಟಿಯಾಗಿ ಆ ಸಂಗ್ರಹವನ್ನು ಹತ್ತಾರು ಸಾವಿರ ವರ್ಷಗಳವರೆಗೆ ಕೆಡದಂತೆ ಹಿಡಿದಿಡುತ್ತದೆ. ಇಂದು ಮುಳ್ಳುಪೊದೆಯಷ್ಟೇ ಬೆಳೆಯುವ ಮೊಹಾವಿಯ ಬೆಟ್ಟಗಳಲ್ಲಿ ಹಿಮಯುಗದ ಅಂತ್ಯದವರೆಗೆ ಜೂನಿಪರ್ ಮರಗಳಿದ್ದುವೆಂದು ಫಿಲಿಪ್ ವೆಲ್ಸ್ ಮತ್ತು ಕ್ಲೈವ್ ಯೋರ್ಗೆನ್ಸನ್ 1964ರಲ್ಲಿ ಈ ಇಲಿಗೂಡುಗಳಿಂದಲೇ ತೋರಿಸಿಕೊಟ್ಟರು.

ಗುಹೆಗಳ ಅನ್ವೇಷಣೆಯಲ್ಲಿ ಗುರುತುಗಳು ಬೇರೆ. ಬಾವಲಿಗಳು ಸಂಜೆ ಹೊರಬೀಳುವ ತಾವು, ಶುಷ್ಕವಾದ ಇಳಿಜಾರಿನಲ್ಲಿ ಅಕಾರಣವಾಗಿ ಹಸುರಾಗಿರುವ ಪೊದೆ, ಚಳಿಗಾಲದ ಬೆಳಗಿನಲ್ಲಿ ಕಲ್ಲಿನ ಸಂದಿಯಿಂದ ಏಳುವ ಆವಿ, ಇವೆಲ್ಲಕ್ಕೂ ಮಿಗಿಲಾಗಿ ಗಾಳಿ. ವಾಯುಭಾರವು ಹೊರಗೆ ಇಳಿದಾಗ ಗುಹೆಯು ಗಾಳಿಯನ್ನು ಹೊರಕ್ಕೆ ಬಿಡುತ್ತದೆ, ಏರಿದಾಗ ಒಳಕ್ಕೆ ಸೆಳೆದುಕೊಳ್ಳುತ್ತದೆ. ಸಣ್ಣ ಕಿಂಡಿಯಿಂದ ಬಲವಾದ ಗಾಳಿ ಬೀಸಿದರೆ ಒಳಗಿನ ಅವಕಾಶವು ವಿಶಾಲವಾಗಿರಲೇಬೇಕು.

ನ್ಯೂ ಮೆಕ್ಸಿಕೋ ಪ್ರಾಂತದ ಗ್ವಾಡಲೂಪ್ ಪರ್ವತಗಳಲ್ಲಿ ಬಾವಲಿ ಮತ್ತು ಗಾಳಿ ಎಂಬ ಎರಡು ಸೂಚನೆಗಳು ಎರಡು ಮಹಾಗುಹೆಗಳ ಶೋಧಕ್ಕೆ ಕಾರಣವಾದುವು. ಸುಮಾರು 26 ಕೋಟಿ ವರ್ಷಗಳ ಹಿಂದಣ ಸಮುದ್ರದ ಅಂಚಿನಲ್ಲಿ ಬೆಳೆದ ದಿಬ್ಬವೊಂದು ಈಗ ಚಿವಾವಾ ಮರುಭೂಮಿಯ ಮೇಲೆ ಸುಣ್ಣಕಲ್ಲಿನ ಗೋಡೆಯಾಗಿ ನಿಂತಿದೆ. ಅದರ ಬದಿಯಲ್ಲಿ ದನ ಕಾಯುತ್ತಿದ್ದ ಜಿಮ್ ವೈಟ್ ಎಂಬ ಹುಡುಗನು ಸಂಜೆಯ ಹೊತ್ತಿನಲ್ಲಿ ಹೊಗೆಯಂತೆ ಮೇಲೇಳುತ್ತಿದ್ದ ಬಾವಲಿಗಳ ಸಮೂಹವನ್ನು ಕಂಡು, 1898ರ ಸುಮಾರಿನಿಂದ ಕಾರ್ಲ್ಸ್‌ಬಾಡ್ ಗುಹೆಯನ್ನು ಒಳಹೊಕ್ಕು ನೋಡತೊಡಗಿದನು. ಲೋಕಕ್ಕೆ ಮೊದಲು ಬೇಕಾದದ್ದು ಗುಹೆಯ ಸೌಂದರ್ಯವಲ್ಲ. ಅದರ ನೆಲದ ಮೇಲೆ ಯುಗಯುಗಗಳಿಂದ ಬಿದ್ದಿದ್ದ ಬಾವಲಿಯ ಹಿಕ್ಕೆ. ಕ್ಯಾಲಿಫೋರ್ನಿಯದ ಕಿತ್ತಳೆ ತೋಟಗಳಿಗೆ ಗೊಬ್ಬರವಾಗಿ ಅದನ್ನು ತೆಗೆದು ಸಾಗಿಸುವ ಉದ್ಯಮವು ಇಪ್ಪತ್ತು ವರ್ಷಗಳ ಕಾಲ ನಡೆಯಿತು. ಮುಂದೆ ಗುಹೆಯನ್ನು ನೋಡಲು ಬಂದ ಮೊದಮೊದಲ ಪ್ರೇಕ್ಷಕರನ್ನು ಹಿಕ್ಕೆಯನ್ನು ಎತ್ತುತ್ತಿದ್ದ ಅದೇ ತೊಟ್ಟಿಯಲ್ಲಿ ಇಬ್ಬಿಬ್ಬರನ್ನಾಗಿ ನಿಲ್ಲಿಸಿ, ರಾಟೆಯ ಹಗ್ಗದಿಂದ 170 ಅಡಿ ಕೆಳಕ್ಕೆ ಇಳಿಬಿಡುತ್ತಿದ್ದರು. 1923ರಲ್ಲಿ ಅದು ರಾಷ್ಟ್ರೀಯ ಸ್ಮಾರಕವೆಂದೂ 1930ರಲ್ಲಿ ರಾಷ್ಟ್ರೀಯ ಉದ್ಯಾನವೆಂದೂ ಘೋಷಿತವಾಯಿತು.

ಅದೇ ಉದ್ಯಾನದ ಇನ್ನೊಂದು ಮೂಲೆಯಲ್ಲಿ, 1914ರಷ್ಟು ಹಿಂದೆಯೇ ಹಿಕ್ಕೆಗಾಗಿ ಅಗೆದು ಬಿಟ್ಟಿದ್ದ ಲೆಚುಗಿಯಾ ಎಂಬ ಕುಳಿಯನ್ನು ಯಾರೂ ಮುಖ್ಯವೆಂದು ಎಣಿಸಿರಲಿಲ್ಲ. ಕಲ್ಲುಮಣ್ಣು ತುಂಬಿದ ಅದರ ತಳದ ಸಂದುಗಳಿಂದ ಗಾಳಿಯು ಭೋರೆಂದು ಬರುವುದನ್ನು ಕೇಳಿದ ಕೊಲರಾಡೋ ಪ್ರಾಂತದ ಗುಹಾನ್ವೇಷಕರು 1984ರಲ್ಲಿ ಅಗೆಯಲು ಅನುಮತಿಯನ್ನು ಪಡೆದು, 1986ರ ಮೇ 26ರಂದು ಒಳಗಿನ ಹಾದಿಯನ್ನು ಭೇದಿಸಿದರು. ಇದುವರೆಗೆ ಅಳೆದಿರುವ ಅದರ ಹಾದಿಗಳ ಉದ್ದ 240 ಕಿಲೋಮೀಟರನ್ನೂ ಆಳ 480 ಮೀಟರನ್ನೂ ಮೀರಿದೆ. ಈ ಗುಹೆಗಳ ಉತ್ಪತ್ತಿಯ ವಿಚಾರವಂತೂ ಭೂವಿಜ್ಞಾನದ ರೂಢ ಅಭಿಪ್ರಾಯವನ್ನೇ ತಿದ್ದಿತು. ಸಾಧಾರಣವಾಗಿ ಮಳೆಯ ನೀರು ಮಣ್ಣಿನಿಂದ ಇಂಗಾಲಾಮ್ಲವನ್ನು ಪಡೆದು ಮೇಲಿನಿಂದ ಕೆಳಕ್ಕೆ ಸುಣ್ಣಕಲ್ಲನ್ನು ಕರಗಿಸುತ್ತದೆ. ಗ್ವಾಡಲೂಪಿನಲ್ಲಿ ನಡೆದದ್ದು ಬೇರೆ: ಪಕ್ಕದ ತೈಲಕ್ಷೇತ್ರದಿಂದ ಮೇಲೇರಿದ, ಕೊಳೆತ ಮೊಟ್ಟೆಯ ನಾತದ ಹೈಡ್ರೊಜನ್ ಸಲ್ಫೈಡ್ ಅನಿಲವು ಅಂತರ್ಜಲದ ಮಟ್ಟದಲ್ಲಿ ಆಮ್ಲಜನಕದೊಡನೆ ಬೆರೆತು ಗಂಧಕಾಮ್ಲವಾಗಿ, ಕೆಳಗಿನಿಂದಲೇ ಬಂಡೆಯನ್ನು ತಿಂದು ಹಾಕಿತು. ಗುಹೆಯಲ್ಲಿ ಉಳಿದಿರುವ ಜಿಪ್ಸಂ ಹಾಗೂ ಗಂಧಕದ ರಾಶಿಗಳನ್ನು ಪರೀಕ್ಷಿಸಿ ಆ ಗಂಧಕದ ಮೂಲವು ತೈಲಸಂಚಯದಲ್ಲಿಯೇ ಇದೆಯೆಂದು ಕ್ಯಾರಲ್ ಹಿಲ್ ಅವರು 1980ರ ದಶಕದಲ್ಲಿ ಸಮರ್ಥಿಸಿದರು. ಆಮ್ಲವು ಜೇಡಿಯನ್ನು ಸಂಧಿಸಿದಲ್ಲಿ ಉಂಟಾಗುವ ಆಲುನೈಟ್ ಎಂಬ ಖನಿಜದಲ್ಲಿ ಪೊಟ್ಯಾಸಿಯಮ್ಮಿರುವುದರಿಂದ ಅದರ ವಯಸ್ಸನ್ನು ನಿರ್ಧರಿಸಬಹುದು. 1998ರಲ್ಲಿ ಪ್ರಕಟವಾದ ಲೆಕ್ಕದಂತೆ ಈ ಗುಹೆಗಳು 40 ಲಕ್ಷದಿಂದ 120 ಲಕ್ಷ ವರ್ಷಗಳ ಹಿಂದೆ ರೂಪುಗೊಂಡವು, ಎತ್ತರದಲ್ಲಿರುವವು ಹೆಚ್ಚು ಹಳೆಯವು. ಬಿಸ್ಬಿಯಲ್ಲಿ ಅದಿರಿನಿಂದ ಹುಟ್ಟಿದ ಆಮ್ಲವು ಮಾಡಿದ ಕೆಲಸವನ್ನು ಇಲ್ಲಿ ತೈಲದಿಂದ ಹುಟ್ಟಿದ ಆಮ್ಲವು ಮಾಡಿತು.

ಮೆಕ್ಸಿಕೋ ದೇಶಕ್ಕೆ ಸೇರಿದ ಚಿವಾವಾ ಪ್ರಾಂತದ ನೈಕ ಗಣಿಯಲ್ಲಿ ಸಂಬಂಧವು ಇನ್ನೂ ಬಿಗಿಯಾಗಿದೆ. ಸೀಸ, ಸತು, ಬೆಳ್ಳಿಗಳಿಗಾಗಿ ತೋಡಿದ ಆ ಗಣಿಯ 120 ಮೀಟರು ಆಳದಲ್ಲಿ 1910ರಲ್ಲಿ ಕತ್ತಿಗಳಂತಹ ಹರಳುಗಳ ಗುಹೆಯೂ, 2000ದಲ್ಲಿ ಸುಮಾರು 300 ಮೀಟರು ಆಳದಲ್ಲಿ ಅದಕ್ಕಿಂತ ಅದ್ಭುತವಾದ ಇನ್ನೊಂದು ಗುಹೆಯೂ ತೆರೆದುಕೊಂಡವು. ಎರಡನೆಯದರಲ್ಲಿ ಪಾರದರ್ಶಕ ಜಿಪ್ಸಮ್ಮಿನ ಹರಳುಗಳು ಹನ್ನೊಂದು ಮೀಟರಿನವರೆಗೆ ಬೆಳೆದಿದ್ದು, ತೊಲೆಗಳಂತೆ ಅಡ್ಡಾದಿಡ್ಡಿಯಾಗಿ ಚಾಚಿಕೊಂಡಿದ್ದುವು. ಶಿಲಾರಸದ ಕಾವಿನಿಂದ ಬಿಸಿಯಾದ ನೀರು 58 ಡಿಗ್ರಿಯ ಆಸುಪಾಸಿನಲ್ಲಿ ದೀರ್ಘಕಾಲ ಏರುಪೇರಿಲ್ಲದೆ ನಿಂತುದೇ ಇಂತಹ ಬೆಳವಣಿಗೆಗೆ ಕಾರಣವೆಂದು ಹ್ವಾನ್ ಮಾನ್ವೆಲ್ ಗಾರ್ಸಿಯ ರೂಯಿಸ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಒಳಗಿನ ಶಾಖ ಮತ್ತು ತೇವದಲ್ಲಿ ವಿಶೇಷವಾದ ತಂಪುಗವಚವಿಲ್ಲದೆ ಮನುಷ್ಯನು ಕೆಲವೇ ನಿಮಿಷಗಳಿಗಿಂತ ಹೆಚ್ಚು ನಿಲ್ಲಲಾರನು. ಗಣಿಯವರು ನೀರನ್ನು ಪಂಪುಗಳಿಂದ ಎತ್ತಿ ಹಾಕುತ್ತಿದ್ದುದರಿಂದಲೇ ಆ ಗುಹೆಯು ಬರಿದಾಗಿದ್ದಿತು. 2015ರಲ್ಲಿ ಗಣಿ ನಿಂತ ಮೇಲೆ ನೀರು ಮರಳಿ ಏರಿ ಹರಳುಗಳನ್ನು ಮುಳುಗಿಸಿತು.

ನೀರನ್ನೇ ಹುಡುಕಲು ಹೋಗಿ ಗುಹೆಯನ್ನೋ ಖನಿಜವನ್ನೋ ಕಂಡವರೂ ಉಂಟು. ಅಮೆರಿಕದ ಎಂಜಿನಿಯರ್ ಕಾರ್ಲ್ ಟ್ವಿಚೆಲ್ 1931ರಲ್ಲಿ ಅರೇಬಿಯದ ದೊರೆ ಅಬ್ದುಲ್ ಅಜೀಜರ ರಾಜ್ಯದಲ್ಲಿ ಜಲಾನ್ವೇಷಣೆಗೆಂದು ಸಂಚರಿಸಿದನು. ಮುಂದೆ ಮೆಕ್ಕಾ ಮದೀನಗಳ ನಡುವಣ ಮಹದ್ ಅಲ್ ಧಹಬ್ ಎಂಬ, ಅಬ್ಬಾಸಿ ಖಲೀಫರ ಕಾಲದಲ್ಲಿ ಕೆಲಸ ನಡೆದಿದ್ದ ಹಳೆಯ ಚಿನ್ನದ ಗಣಿಯು ಅವನ ಪ್ರಯತ್ನದಿಂದ ಪುನಃ ಆರಂಭವಾಗಿ 1954ರವರೆಗೆ ನಡೆಯಿತು. ಓಮಾನಿನಲ್ಲಿ ಜಲಸಂಪನ್ಮೂಲ ಇಲಾಖೆಯು ಸುಣ್ಣಕಲ್ಲಿನ ಬೆಟ್ಟಗಳನ್ನು ಪರಿಶೀಲಿಸುತ್ತಿದ್ದಾಗ ಸೆಲ್ಮಾ ಪ್ರಸ್ಥಭೂಮಿಯ ಮೇಲಣ ಮೂರು ರಂಧ್ರಗಳ ಕೆಳಗೆ ಮಜ್ಲಿಸ್ ಅಲ್ ಜಿನ್ ಎಂಬ ಮಹಾಗುಹೆಯಿರುವುದು ಹೊರಜಗತ್ತಿಗೆ ತಿಳಿದುಬಂದಿತು. 1980ರ ದಶಕದಲ್ಲಿ ಡಾನ್ ಡೇವಿಸನ್ ಮತ್ತು ಶೆರಿಲ್ ಜೋನ್ಸ್ ಹಗ್ಗ ಕಟ್ಟಿ ಅದಕ್ಕೆ ಇಳಿದರು. ಒಂದು ರಂಧ್ರದಿಂದ ನೆಲಕ್ಕೆ ನೇರವಾದ ಇಳುವು 158 ಮೀಟರು. ಸುಮಾರು 58,000 ಚದರ ಮೀಟರು ವಿಸ್ತಾರದ ಅದರ ನೆಲದ ಮೇಲೆ ನಿಂತರೆ ಮೇಲಿನ ರಂಧ್ರಗಳಿಂದ ಬಿಸಿಲಿನ ಕೋಲುಗಳು ಇಳಿಯುವುದು ಕಾಣುತ್ತದೆ. ಅವರು ಅರಸಿದ್ದ ನೀರು ಮಾತ್ರ ಅಲ್ಲಿರಲಿಲ್ಲ.

ಆಧುನಿಕ ಕಾಲದಲ್ಲಿ 1972ರ ಲ್ಯಾಂಡ್‌ಸ್ಯಾಟ್ ಉಪಗ್ರಹದಿಂದ ಆರಂಭವಾದ ದೂರಸಂವೇದನೆಯು ಬರಿದಾದ ಬಂಡೆಯ ನಾಡಿನಲ್ಲಿಯೇ ಅತ್ಯಂತ ಫಲಕಾರಿಯಾಯಿತು. ನೆವಾಡದ ಕ್ಯುಪ್ರೈಟ್ ಎಂಬ ಬೆಟ್ಟಸಾಲು ಇಂತಹ ಉಪಕರಣಗಳ ಪರೀಕ್ಷಾಸ್ಥಳವೆಂದೇ ಪ್ರಸಿದ್ಧವಾಗಿದೆ. ಬಿಸಿನೀರು ಬಂಡೆಯನ್ನು ಮಾರ್ಪಡಿಸಿ ಉಂಟುಮಾಡಿದ ಜೇಡಿಗಳೂ ಆಲುನೈಟೂ ಮನುಷ್ಯನ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿ ಬೇರೆ ಬೇರೆಯಾಗಿ ತೋರುತ್ತವೆ. ಆದರೂ ಉಪಗ್ರಹವು ತೋರಿಸಿದುದನ್ನು ದೃಢಪಡಿಸಲು ಕೊನೆಗೆ ಒಬ್ಬರು ಸುತ್ತಿಗೆಯನ್ನು ಹಿಡಿದು ಬೆಟ್ಟವನ್ನು ಹತ್ತಲೇಬೇಕು. ಹತ್ತುವವರಿಗೆ ಅಪಾಯಗಳೂ ಸಾಕಷ್ಟಿವೆ: ಕೊಳೆತ ಮರದ ಆಸರೆಯ ಹಳೆಯ ಶಾಫ್ಟುಗಳು, ಆಮ್ಲಜನಕವಿಲ್ಲದ ಕೆಟ್ಟಗಾಳಿ, ಮರೆತುಬಿಟ್ಟ ಸಿಡಿಮದ್ದು, ಬಾವಲಿಯ ಹಿಕ್ಕೆಯ ಧೂಳಿನಿಂದ ತಗಲುವ ಶ್ವಾಸಕೋಶದ ರೋಗ, ದೂರದ ಮಳೆಯಿಂದ ಒಣಹಳ್ಳಕ್ಕೆ ಹಠಾತ್ತಾಗಿ ನುಗ್ಗುವ ಪ್ರವಾಹ.

ಗುಹೆಯನ್ನು ಅರಸುವವನನ್ನೂ ಅದಿರನ್ನು ಅರಸುವವನನ್ನೂ ಕಾನೂನು ಈಗ ವಿಚಿತ್ರ ರೀತಿಯಲ್ಲಿ ಬೇರ್ಪಡಿಸಿದೆ. ಅಮೆರಿಕದ 1872ರ ಗಣಿ ಕಾಯಿದೆಯು ಇಂದಿಗೂ ಜಾರಿಯಲ್ಲಿದ್ದು, ಸಾರ್ವಜನಿಕ ಭೂಮಿಯಲ್ಲಿ ಅದಿರನ್ನು ಕಂಡವನು ತನ್ನ ಹಕ್ಕಿನ ಸ್ಥಳವನ್ನು ಗುರುತುಮಾಡಿ ಬಹಿರಂಗವಾಗಿ ದಾಖಲಿಸಬೇಕಾಗುತ್ತದೆ. 1988ರ ಗುಹಾಸಂರಕ್ಷಣೆಯ ಶಾಸನವು ಅಂತಹದೇ ಭೂಮಿಯಲ್ಲಿರುವ ಮಹತ್ತ್ವದ ಗುಹೆಗಳ ನೆಲೆಯನ್ನು ಸರ್ಕಾರವು ಗೋಪ್ಯವಾಗಿಡಬೇಕೆಂದು ವಿಧಿಸುತ್ತದೆ. ಲೆಚುಗಿಯಾ ಗುಹೆಗೆ ಸಂಶೋಧಕರಿಗೂ ಮೋಜಣಿದಾರರಿಗೂ ಅನುಮತಿಯ ಮೇಲೆ ಮಾತ್ರ ಪ್ರವೇಶವಿದೆ. 1993ರಲ್ಲಿ ಅದಕ್ಕೆಂದೇ ಪ್ರತ್ಯೇಕ ಶಾಸನವನ್ನು ಮಾಡಿ, ಸುತ್ತಣ ಭೂಮಿಯನ್ನು ಗಣಿಗಾರಿಕೆಯಿಂದಲೂ ತೈಲ ಹಾಗೂ ಅನಿಲದ ಹೊಸ ಗುತ್ತಿಗೆಗಳಿಂದಲೂ ಹೊರಗಿಡಲಾಯಿತು; ಹಿಂದೆ ಗುಹೆಯನ್ನು ಕೊರೆದ ಅದೇ ತೈಲಕ್ಷೇತ್ರಕ್ಕಾಗಿ ಈಗ ತೋಡುವ ಕೊಳವೆಬಾವಿಗಳಿಂದ ಅನಿಲವು ಸೋರಿ ಸುಣ್ಣಕಲ್ಲಿನ ಪೊಳ್ಳುಗಳೊಳಗೆ ಸೇರೀತೆಂಬ ಭಯವು ಅದಕ್ಕೆ ಮುಖ್ಯ ಕಾರಣವಾಗಿದ್ದಿತು.